ಟ್ಯಾಂಪಾ ಕೊಲ್ಲಿಯಲ್ಲಿ ಗೈಡ್ ಜೊತೆ ಮೀನು ಹಿಡಿಯೋಕೆ ಹೋದವರಿದ್ದೀರಾ? ಅಪ್ಪಯ್ಯನನ್ನ ಕರ್ಕೊಂಡು ಹೋಗ್ಬೇಕು

ಗಂಗೊಳ್ಳಿ_ಮಗಳು

ಎಲ್ಲರಿಗೂ ನಮಸ್ಕಾರ. ಫ್ಲೋರಿಡಾದಲ್ಲಿ ಇರೋರು, ಅಲ್ಲಿ ಹೋಗಿ ಗಾಳ ಹಾಕಿ ಬಂದೋರು ಯಾರಾದ್ರೂ ಇದ್ದರೆ ಸ್ವಲ್ಪ ಹೇಳಿ.

ನಾವಿರೋದು ಅಟ್ಲಾಂಟಾದಲ್ಲಿ. ಊರಿಂದ ಅಪ್ಪಯ್ಯ ಬಂದಿದ್ದಾರೆ, ಅವರಿಗೆ 68 ವರ್ಷ. ಮೇಷ್ಟ್ರಾಗಿದ್ದವರು. ಆದರೆ ಶಾಲೆ ಬಿಟ್ಟ ಮೇಲೆ ಅವರನ್ನು ಹುಡುಕಬೇಕಾದರೆ ಪಂಚಗಂಗಾವಳಿ ಹೊಳೆಬದಿಗೇ ಹೋಗಬೇಕಿತ್ತು, ಕೈಯಲ್ಲಿ ಗಾಳ ಇರುತ್ತಿತ್ತು, ಇಲ್ಲಾಂದ್ರೆ ಹೆಗಲ ಮೇಲೆ ಬೀಸುಬಲೆ. ಈಗ ಇಲ್ಲಿ ಬಾಲ್ಕನಿಯಲ್ಲಿ ಕೂತು ಪಾರ್ಕಿಂಗ್ ಲಾಟ್ ನೋಡುತ್ತಾರೆ. ಬಾಯಿ ಬಿಟ್ಟು ಏನೂ ಹೇಳುವುದಿಲ್ಲ, ನನಗೇ ಪಾಪ ಅನ್ನಿಸುತ್ತದೆ.

ಏಪ್ರಿಲ್ ಮೊದಲ ವಾರ ಮಕ್ಕಳಿಗೆ ಸ್ಪ್ರಿಂಗ್ ಬ್ರೇಕ್. ಟ್ಯಾಂಪಾ ಕಡೆ ಹೋಗೋಣ ಅಂತ ಇದ್ದೇವೆ. ಅಲ್ಲಿ ಗೈಡ್ ಬೋಟಿನಲ್ಲಿ ಅರ್ಧ ದಿನ ಮೀನು ಹಿಡಿಸುತ್ತಾರಂತೆ. ವೆಬ್‌ಸೈಟ್ ನೋಡಿದರೆ ಎಲ್ಲವೂ ಒಂದೇ ಥರ, ಎಲ್ಲರೂ ನಂಬರ್ ಒನ್ನೇ, ಎಲ್ಲರ ಕೈಯಲ್ಲೂ ದೊಡ್ಡ ಮೀನು ಹಿಡಿದ ಫೋಟೋ. ಯಾರನ್ನ ನಂಬೋದು?

ನನಗೆ ಗೊತ್ತಾಗಬೇಕಾದದ್ದು ಇಷ್ಟು. ಕೊಲ್ಲಿ ಒಳಗೇ ಹಿಡಿಯೋದು ಒಳ್ಳೇದಾ, ಹೊರಗೆ ಸಮುದ್ರಕ್ಕೆ ಹೋಗೋದಾ? ಖರ್ಚು ಎಷ್ಟಾಗುತ್ತೆ? ಅಪ್ಪಯ್ಯ ವಿಸಿಟರ್ ವೀಸಾದಲ್ಲಿ ಇರೋರು, ಲೈಸೆನ್ಸ್ ಏನಾದ್ರೂ ಬೇಕಾ? ಹಿಡಿದ ಮೀನು ತಂದು ಸಾರು ಮಾಡಬಹುದಾ? ಅವರ ಪ್ರಶ್ನೆ ಇದೊಂದೇ! ಇನ್ನೊಂದು, ನಮ್ಮೆಜಮಾನ್ರು ಮೈಸೂರಿನವರು, ಶುದ್ಧ ಸಸ್ಯಾಹಾರಿ. ಮಕ್ಕಳಿಗೆ 10 ಮತ್ತು 5 ವರ್ಷ. ಒಟ್ಟು ಐದು ಜನ. ಇಷ್ಟೂ ಜನಕ್ಕೆ ಸರಿಹೋಗುವ ಹಾಗೆ ಏನಾದರೂ ದಾರಿ ಇದೆಯಾ?

ಸೇಂಟ್‌ಪೀಟ್_ಶೆಟ್ಟಿ

ಅಕ್ಕಾ, ಕೊಲ್ಲಿ ಒಳಗೇ ಹೋಗಿ. ಎರಡನೇ ಮಾತೇ ಬೇಡ. ಮೆಕ್ಸಿಕೋ ಕೊಲ್ಲಿಯ ಈ ಬದಿಯಲ್ಲಿ ಸಮುದ್ರ ತುಂಬಾ ದೂರದವರೆಗೆ ಆಳ ಕಮ್ಮಿಯೇ ಇರುತ್ತದೆ. ಆಳದ ಮೀನು ಬೇಕು ಅಂದರೆ ಗಂಟೆಗಟ್ಟಲೆ ಬೋಟ್ ಓಡಿಸಬೇಕು. ಐದು ವರ್ಷದ ಮಗು, ವಯಸ್ಸಾದವರು, ಅಲೆ, ವಾಂತಿ. ಯಾಕೆ ಬೇಕು? ಟ್ಯಾಂಪಾ ಕೊಲ್ಲಿ ಸರಾಸರಿ ಹನ್ನೆರಡು ಅಡಿ ಆಳ ಅಷ್ಟೇ. ನಾಲ್ಕು ಹೊಳೆ ಬಂದು ಸೇರುತ್ತವೆ: ಹಿಲ್ಸ್‌ಬರೋ, ಅಲಾಫಿಯಾ, ಲಿಟಲ್ ಮನಾಟಿ, ಮನಾಟಿ. ದಡದ ಉದ್ದಕ್ಕೂ ಕಾಂಡ್ಲಾ ಗಿಡ (ಮ್ಯಾಂಗ್ರೋವ್), ನೀರಿನ ಕೆಳಗೆ ಹುಲ್ಲು, ಅಲ್ಲಲ್ಲಿ ಆಯಿಸ್ಟರ್ ಚಿಪ್ಪಿನ ದಿಬ್ಬ. ಐದು ಹೊಳೆ ಸೇರುವ ಅಳಿವೆ ನೋಡಿ ಬೆಳೆದವರಿಗೆ ಇಲ್ಲಿ ಹೊಸದಾಗಿ ಏನೂ ಹೇಳಿಕೊಡಬೇಕಾಗಿಲ್ಲ. ಮೀನು ಎಲ್ಲಿ ನಿಂತಿರುತ್ತೆ ಅಂತ ಅವರೇ ಬೆರಳು ತೋರಿಸುತ್ತಾರೆ ನೋಡಿ.

ಖರ್ಚಿನ ವಿಷಯ. ನಾಲ್ಕು ಗಂಟೆಗೆ 450ರಿಂದ 650 ಡಾಲರ್ ಒಳಗೆ ಕೇಳುತ್ತಾರೆ. ಇದು ತಲೆಗಲ್ಲ, ಪೂರ್ತಿ ಬೋಟಿಗೆ. ರಾಡ್, ರೀಲ್, ಗಾಳ, ಎರೆ, ಐಸ್, ಲೈಸೆನ್ಸ್ ಎಲ್ಲಾ ಅದರಲ್ಲೇ ಬರುತ್ತದೆ. ಟಿಪ್ 15ರಿಂದ 20 ಪರ್ಸೆಂಟ್ ಬೇರೆ, ಅದನ್ನು ಮೊದಲೇ ಲೆಕ್ಕಕ್ಕೆ ಹಿಡಿದುಕೊಳ್ಳಿ. ಕೋಸ್ಟ್ ಗಾರ್ಡ್ ಕೊಡುವ ಸಣ್ಣ ಬೋಟಿನ ಲೈಸೆನ್ಸಿನಲ್ಲಿ ಆರು ಜನರನ್ನು ಕರೆದುಕೊಂಡು ಹೋಗಬಹುದು, ಆದರೆ ಕೊಲ್ಲಿಯ ಬೋಟಲ್ಲಿ ನಾಲ್ಕು ಜನ ಗಾಳ ಹಾಕಿದರೇ ಕೈಕಾಲು ಸಿಕ್ಕಿಕೊಳ್ಳುತ್ತವೆ. ನೀವು, ಅಪ್ಪಯ್ಯ, ದೊಡ್ಡ ಮಗು ಹೋಗಿ. ಯಜಮಾನ್ರು ಚಿಕ್ಕದನ್ನು ಕರೆದುಕೊಂಡು ದಡದಲ್ಲಿರಲಿ. ಅವರಿಗೂ ನೆಮ್ಮದಿ, ಮೀನಿಗೂ ನೆಮ್ಮದಿ.

ಲೈಸೆನ್ಸ್: ಚಾರ್ಟರ್ ಬೋಟಲ್ಲಿ, ಅಂದರೆ ಹೀಗೆ ಕ್ಯಾಪ್ಟನ್ ಸಮೇತ ಬಾಡಿಗೆಗೆ ಹಿಡಿದ ಬೋಟಲ್ಲಿ, ಹೋದರೆ ಯಾರಿಗೂ ಬೇಡ, ಕ್ಯಾಪ್ಟನ್ ಲೈಸೆನ್ಸೇ ಎಲ್ಲರಿಗೂ ಆಗುತ್ತದೆ. ದಡದಲ್ಲಿ ನಿಂತು ಗಾಳ ಹಾಕಿದರೆ ಮಾತ್ರ ಬೇಕು. ಹೊರಗಿನವರಿಗೆ ಮೂರು ದಿನಕ್ಕೆ 17 ಡಾಲರ್, ಏಳು ದಿನಕ್ಕೆ 30. ವಯಸ್ಸು 65 ದಾಟಿದವರಿಗೆ ಮಾಫಿ ಇದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಅದು ಫ್ಲೋರಿಡಾದಲ್ಲೇ ನೆಲೆಸಿದವರಿಗೆ ಮಾತ್ರ. 16 ತುಂಬದ ಮಕ್ಕಳಿಗೆ ಎಲ್ಲೂ ಬೇಡ.

ಈಗ ಗೈಡ್ ಹುಡುಕೋದು. ಫೋಟೋ ನೋಡಬೇಡಿ, ಫೋನ್ ಮಾಡಿ. ಕೋಸ್ಟ್ ಗಾರ್ಡ್ ಲೈಸೆನ್ಸ್, ಇನ್ಶೂರೆನ್ಸ್ ಇದೆಯಾ ಅಂತ ಕೇಳಿ. ಇದ್ದವರು ಬೇಜಾರು ಮಾಡಿಕೊಳ್ಳುವುದಿಲ್ಲ. ಆಮೇಲೆ ಮುಖ್ಯವಾದದ್ದು, ನಿಮಗೆ ಏನು ಬೇಕು ಅಂತ ಬಿಡಿಸಿ ಹೇಳಿ. ಬಹಳ ಜನ ಇದನ್ನು ಹೇಳುವುದೇ ಇಲ್ಲ. ಗೈಡ್ ತನಗೆ ಹೊಳೆದ ಹಾಗೆ ಸ್ನೂಕ್ ಅನ್ನೋ ಮೀನಿನ ಹಿಂದೆ ಬಿದ್ದು ಮೂರು ಗಂಟೆ ಕಾಂಡ್ಲಾ ಬುಡದಲ್ಲಿ ಸದ್ದು ಮಾಡದೆ ನಿಲ್ಲಿಸಿರುತ್ತಾನೆ, ಮಕ್ಕಳು ಅಳೋಕೆ ಶುರು ಮಾಡುತ್ತವೆ, ಕೊನೆಗೆ ಇವರು ಬಂದು ಒಂದು ಸ್ಟಾರ್ ಕೊಡುತ್ತಾರೆ. ನೀವು ಹೀಗೆ ಹೇಳಿ: ನಮ್ಮ ತಂದೆಗೆ ಗಾಳ ಹಾಕೋದು ಚೆನ್ನಾಗಿ ಗೊತ್ತು, ಮಗುಗೆ ಹೊಸದು, ದೊಡ್ಡ ಮೀನೇ ಬೇಕು ಅಂತಿಲ್ಲ, ಕಚ್ಚುತ್ತಾ ಇರಬೇಕು, ಸಂಜೆ ಅಡುಗೆಗೆ ನಾಲ್ಕು ಮೀನು ಬೇಕು.

ಏಪ್ರಿಲ್ ಮೊದಲ ವಾರ ಒಳ್ಳೇ ಟೈಮ್. ನೀರು 21 ಡಿಗ್ರಿ ಆಸುಪಾಸು ಬಂದರೆ ಸ್ಪ್ಯಾನಿಷ್ ಮ್ಯಾಕೆರೆಲ್ ಕೊಲ್ಲಿ ಬಾಯಿಗೆ ಬರುತ್ತದೆ, ನಮ್ಮ ಅಂಜಲಿನ ದಾಯಾದಿ. ತವಾ ಮೇಲೆ ಹಾಕಿದರೆ ಗೊತ್ತಾಗುತ್ತೆ.

ಎರೆ ಹಿಡಿಯೋದನ್ನು ನೋಡೋಕೆ ಅಪ್ಪಯ್ಯನನ್ನು ತಪ್ಪದೇ ಕರೆದುಕೊಂಡು ಹೋಗಿ. ಇಲ್ಲಿಯ ಗೈಡ್‌ಗಳು ಬೆಳಗಿನ ಜಾವ ಹುಲ್ಲಿನ ಮೇಲೆ ಬೋಟ್ ನಿಲ್ಲಿಸಿ, ನೀರಿಗೆ ಮೀನಿನ ಹಿಟ್ಟು ಎರಚಿ, ಬೀಸುಬಲೆ ಎಸೆಯುತ್ತಾರೆ. ಸೀಸದ ಹಗ್ಗ ಹಲ್ಲಲ್ಲಿ ಕಚ್ಚಿಕೊಂಡು, ಒಂದು ಸುತ್ತು ತಿರುಗಿ ಬಿಡೋದು. ಸಣ್ಣ ಭೂತಾಯಿ ಥರದ ಬೆಳ್ಳಿ ಮೀನು ಬಲೆ ತುಂಬಾ ಬರುತ್ತವೆ. ಅದನ್ನು ಜೀವಂತ ತೊಟ್ಟಿಗೆ ಹಾಕಿಕೊಂಡು ಕಾಂಡ್ಲಾ ಹತ್ತಿರ ಹೋಗುತ್ತಾರೆ. ಆಮೇಲೆ ಮಕ್ಕಳು ಆಡುವ ಪ್ಲಾಸ್ಟಿಕ್ ಬೇಸ್‌ಬಾಲ್ ಬ್ಯಾಟ್ ಇರುತ್ತಲ್ಲ, ಅದರ ತುದಿ ಕೊಯ್ದು, ಒಳಗೆ ಒಂದು ಹಿಡಿ ಮೀನು ತುಂಬಿ, ದಡದ ಕಡೆ ಬೀಸುತ್ತಾರೆ. ಮೀನು ನೀರಿಗೆ ಬಿದ್ದು ಓಡಾಡುತ್ತದೆ. ಬೇರಿನ ಕೆಳಗೆ ಸ್ನೂಕ್ ಇದ್ದರೆ ಪಟ್ ಅಂತ ಸದ್ದು ಬರುತ್ತದೆ. ಆ ಸದ್ದು ಬಂದ ಕಡೆ ಗಾಳ ಹಾಕೋದು.

ಮೀನಿಲ್ಲದ_ಊಟ_ಊಟವಲ್ಲ

ಶೆಟ್ರು ಎಲ್ಲಾ ಹೇಳಿದ್ದಾರೆ ಮಾರಾಯ್ರೆ, ಅಡುಗೆ ಬಿಟ್ಟು. ನಾನಿರೋದು ಬ್ರೇಡೆಂಟನ್‌ನಲ್ಲಿ, ಮೂಲ ಮಂಗಳೂರು.

ಮೊದಲನೇ ಮಾತು, ತಲೆ! ಇಲ್ಲಿ ಗೈಡ್ ಕಟ್ಟೆಗೆ ಬಂದ ಮೇಲೆ ಮೀನು ಕೊಯ್ದು ಕೊಡುತ್ತಾನೆ. ಕೊಯ್ಯೋದು ಅಂದರೆ ಎರಡು ಬದಿಯ ಮಾಂಸ ಮಾತ್ರ ತೆಗೆದು, ತಲೆ, ಮುಳ್ಳು, ಚರ್ಮ ಎಲ್ಲಾ ನೀರಿಗೆ. ಕೆಳಗೆ ಪೆಲಿಕನ್ ಹಕ್ಕಿಗಳು ಬಾಯಿ ತೆರೆದುಕೊಂಡು ಸಾಲಾಗಿ ಕಾಯ್ತಾ ಇರುತ್ತವೆ. ನಿಮ್ಮ ಅಪ್ಪಯ್ಯ ಇದನ್ನು ನೋಡಿದರೆ ಅಲ್ಲೇ ಕೂತುಬಿಡುತ್ತಾರೆ. ಮೊದಲೇ ಹೇಳಿ: ಹೊಟ್ಟೆ ತೆಗೆದು, ಹುರುಪೆ ಉಜ್ಜಿ, ತಲೆ ಸಮೇತ ಇಡಿಯಾಗಿ ಕೊಡಿ ಅಂತ. ಹೇಗೂ ಈ ಮೀನುಗಳನ್ನು ದಡ ಮುಟ್ಟುವ ತನಕ ಇಡಿಯಾಗೇ ಇಟ್ಟುಕೊಂಡಿರಬೇಕು ಅಂತ ಕಾನೂನೇ ಇದೆ.

ಎರಡನೇದು, ಸ್ನೂಕ್. ಊರಲ್ಲಿ ಈಗ ಪಂಜರದಲ್ಲಿ ಸಾಕ್ತಾರಲ್ಲ ಕುರುಡೆ, ನೋಡೋಕೆ ಸುಮಾರಾಗಿ ಹಾಗೇ ಇರುತ್ತೆ, ಮೈ ಉದ್ದಕ್ಕೂ ಒಂದು ಕಪ್ಪು ಗೆರೆ. ಮಾಂಸ ಬೆಳ್ಳಗೆ, ರುಚಿ ಬಹಳ ಚೆನ್ನಾಗಿದೆ. ಆದರೆ ಚರ್ಮ ಸಮೇತ ಬೇಯಿಸಿದರೆ ಸೋಪಿನ ರುಚಿ ಬರುತ್ತದೆ, ಹಳಬರು ಸೋಪ್ ಫಿಶ್ ಅಂತಲೇ ಕರೆಯುತ್ತಿದ್ದರು. ಹಾಗಾಗಿ ಸ್ನೂಕ್ ಒಂದರಲ್ಲಿ ಮಾತ್ರ ಚರ್ಮ ತೆಗೆಸಿ. ಅಂಗಡಿಯಲ್ಲಿ ಸಿಗುತ್ತೆ, ಆಮೇಲೆ ತಗೊಳ್ಳೋಣ ಅಂದುಕೊಳ್ಳಬೇಡಿ. ಇಲ್ಲಿ ಸ್ನೂಕ್ ಮಾರುವಂತಿಲ್ಲ. ತಿನ್ನಬೇಕಾದರೆ ಹಿಡಿದೇ ತಿನ್ನಬೇಕು.

ಲೆಕ್ಕ ಬಹಳ ಕಟ್ಟುನಿಟ್ಟು. ಸ್ನೂಕ್ ಈ ಕಡೆ 28ರಿಂದ 33 ಇಂಚು ಇದ್ದರೆ ಮಾತ್ರ, ತಲೆಗೆ ಒಂದು. ಸಣ್ಣದೂ ಬಿಡಬೇಕು, ದೊಡ್ಡದೂ ಬಿಡಬೇಕು. ನಮ್ಮವರಿಗೆ ಅರ್ಥ ಆಗದೇ ಇರೋದು ಇದೇ, ದೊಡ್ಡದು ಸಿಕ್ಕಾಗ ಯಾಕಪ್ಪ ಬಿಡೋದು ಅಂತ. ದೊಡ್ಡವೆಲ್ಲಾ ಹೆಚ್ಚಾಗಿ ಹೆಣ್ಣು, ಮೊಟ್ಟೆ ಇಡೋದು ಅವೇ. ರೆಡ್‌ಫಿಶ್ 18ರಿಂದ 27 ಇಂಚು, ತಲೆಗೆ ಒಂದು, ಬೋಟಲ್ಲಿ ಎಷ್ಟೇ ಜನ ಇದ್ದರೂ ಒಟ್ಟು ಎರಡೇ. ಕ್ಯಾಪ್ಟನ್ ತನ್ನ ಪಾಲು ಅಂತ ಹೆಚ್ಚಿಗೆ ಇಟ್ಟುಕೊಂಡು ನಿಮಗೆ ಕೊಡೋಕೂ ಆಗಲ್ಲ. ಸ್ಪ್ಯಾನಿಷ್ ಮ್ಯಾಕೆರೆಲ್ ಆದರೆ ತಲೆಗೆ ಹದಿನೈದು, 12 ಇಂಚು ದಾಟಿದ್ದರೆ ಸಾಕು. ಅದಕ್ಕೇ ಹೇಳಿದ್ದು, ಅಡುಗೆಗೆ ಬೇಕಾದರೆ ಅದರ ಹಿಂದೆ ಹೋಗಿ. ಇಲ್ಲವಾದರೆ ಮ್ಯಾಂಗ್ರೋವ್ ಸ್ನ್ಯಾಪರ್, ಕೆಂಬೇರಿ ಕುಟುಂಬದ್ದು, ತಲೆಗೆ ಐದು. ಕಟ್ಟೆ ಕಂಬದ ಕೆಳಗೆ ಸಿಗಡಿ ಕಟ್ಟಿ ಬಿಟ್ಟರೆ ಮಕ್ಕಳಿಗೂ ಸಿಗುತ್ತದೆ. ಈ ನಿಯಮ ಆಗಾಗ ಬದಲಾಗುತ್ತೆ. ಫಿಶ್ ರೂಲ್ಸ್ ಅಂತ ಆಪ್ ಇದೆ, ಹೊರಡುವ ಹಿಂದಿನ ದಿನ ನೋಡಿಕೊಳ್ಳಿ.

ಮ್ಯಾಕೆರೆಲ್ ಹಿಡಿದ ಕೂಡಲೇ ಐಸ್‌ಗೆ ಹಾಕಿಸಿ, ಬಕೆಟ್ ನೀರಲ್ಲಿ ಬಿಡಬೇಡಿ, ಬಿಸಿಲಿಗೆ ಬೇಗ ಹಾಳಾಗುತ್ತೆ. ಮೆಣಸು, ಹುಣಸೆ, ಕೊತ್ತಂಬರಿ ಅರೆದ ಮಸಾಲೆ ಅಟ್ಲಾಂಟಾದಿಂದಲೇ ಡಬ್ಬಿಯಲ್ಲಿ ತಗೊಂಡು ಬನ್ನಿ, ಬಾಡಿಗೆ ಮನೆಯ ಮಿಕ್ಸಿ ನಂಬಬೇಡಿ. ರವೆ ಫ್ರೈ ಮಾಡುವಾಗ ಕಿಟಕಿ ತೆಗೆದಿಡಿ. ಸ್ಮೋಕ್ ಅಲಾರಂ ಹೊಡೆದುಕೊಂಡು ಫೈರ್ ಇಂಜಿನ್ ಬಂದ ಕಥೆ ನಮ್ಮ ಬಳಗದಲ್ಲೇ ಇದೆ.

ದಾವಣಗೆರೆ_ಬೆಣ್ಣೆ

ಎಲ್ಲರೂ ದುಡ್ಡಿರೋರ ಥರ ಮಾತಾಡ್ತಿದ್ದೀರಲ್ಲ ಗುರು. ಟಿಪ್ ಸೇರಿದರೆ ಏಳುನೂರು ಡಾಲರ್, ನಾಲ್ಕು ಗಂಟೆಗೆ! ನನಗೆ ಈ ಗೈಡ್ ಸಹವಾಸ ಸಾಕಾಗಿದೆ. ಒಬ್ಬ ಬೆಳಿಗ್ಗೆ ಏಳಕ್ಕೆ ಬನ್ನಿ ಅಂದ. ಹೋದರೆ ಎರೆ ಹಿಡಿಯೋಕೇ ಒಂದೂಕಾಲು ಗಂಟೆ. ಅದೂ ನಮ್ಮ ನಾಲ್ಕು ಗಂಟೆಯಲ್ಲೇ ಕಟ್. ಆಮೇಲೆ ಫೋನಲ್ಲಿ ಮುಂದಿನ ವಾರದ ಬುಕಿಂಗ್ ಮಾತಾಡಿಕೊಂಡು ನಿಂತ. ನನ್ನ ಹೆಂಡತಿಗೆ ದಾರ ಸಿಕ್ಕಿಕೊಂಡು ಗೋಜಲಾಗಿದೆ, ಬಿಡಿಸೋಕೂ ಬರಲಿಲ್ಲ. ಕೇಳಿದರೆ ಮೀನು ಇವತ್ತು ಮೂಡಲ್ಲಿಲ್ಲ ಅಂದ. ಮೂಡ್ ಇಲ್ಲದೇ ಇದ್ದದ್ದು ಅವನಿಗೆ.

ಸ್ಕೈವೇ ಪಿಯರ್‌ಗೆ ಹೋಗಿ ಅಕ್ಕ. 1980ರಲ್ಲಿ ಹಡಗು ಗುದ್ದಿ ಬಿದ್ದ ಹಳೇ ಸೇತುವೆ ಇದೆಯಲ್ಲ, ಅದರ ಉಳಿದ ಭಾಗವನ್ನೇ ಮೀನು ಹಿಡಿಯೋ ಕಟ್ಟೆ ಮಾಡಿದ್ದಾರೆ. ಕಾರು ಸೇತುವೆ ಮೇಲೇ ತಗೊಂಡು ಹೋಗಿ, ಪಕ್ಕದಲ್ಲಿ ನಿಲ್ಲಿಸಿ, ಕುರ್ಚಿ ಹಾಕಿಕೊಂಡು ಗಾಳ ಹಾಕಿ. ರಾತ್ರಿ ಹಗಲು ತೆರೆದಿರುತ್ತೆ. ಕಟ್ಟೆಯ ಲೈಸೆನ್ಸೇ ಎಲ್ಲರಿಗೂ ಆಗುತ್ತೆ, ಬೇರೆ ಬೇಡ. ಎರೆ ಅಲ್ಲೇ ಸಿಗುತ್ತೆ. ಮ್ಯಾಕೆರೆಲ್ ಅಲ್ಲೂ ಬರುತ್ತೆ. ಅಪ್ಪಯ್ಯನಿಗೆ ಸುಸ್ತಾದರೆ ಕಾರಲ್ಲಿ ಮಲಗಬಹುದು. ಬೋಟಲ್ಲಿ ಎಲ್ಲಿ ಮಲಗ್ತಾರೆ?

ಸೇಂಟ್‌ಪೀಟ್_ಶೆಟ್ಟಿ

ಬೆಣ್ಣೆ ಅವರು ಹೇಳಿದ್ದು ನ್ಯಾಯವಾದ ಮಾತು. ಎರೆ ಹಿಡಿಯೋ ಸಮಯ ನಮ್ಮ ಲೆಕ್ಕದಲ್ಲಾ ನಿಮ್ಮ ಲೆಕ್ಕದಲ್ಲಾ ಅಂತ ಫೋನಲ್ಲೇ ಕೇಳಬೇಕು. ಒಳ್ಳೇ ಗೈಡ್ ಸೂರ್ಯ ಹುಟ್ಟೋ ಮುಂಚೆಯೇ ಹಿಡಿದು ಇಟ್ಟಿರುತ್ತಾನೆ. ಅಪ್ಪಯ್ಯನಿಗೆ ಅದನ್ನು ನೋಡುವ ಆಸೆ ಇದ್ದರೆ ಬೇರೆಯೇ ಕೇಳಿಕೊಳ್ಳಿ, ಬೇಗ ಬರ್ತೀವಿ, ಒಬ್ಬರು ಕೂತು ನೋಡ್ತಾರೆ ಅಂತ. ಬಹಳ ಜನ ಖುಷಿಯಿಂದ ಒಪ್ಪುತ್ತಾರೆ.

ಪಿಯರ್ ಬಗ್ಗೆ ಎರಡು ಮಾತು. 2024ರಲ್ಲಿ ಹೆಲೀನ್, ಮಿಲ್ಟನ್ ಅಂತ ಒಂದರ ಹಿಂದೆ ಒಂದು ಚಂಡಮಾರುತ ಬಂದು ಈ ಕಡೆ ತುಂಬಾ ಕಟ್ಟೆಗಳು ಹಾಳಾದವು. ಹಾಗಾಗಿ ಹೋಗುವ ಮುಂಚೆ ಯಾವುದು ತೆರೆದಿದೆ ನೋಡಿಕೊಳ್ಳಿ. ಇನ್ನೊಂದು, ಅಲ್ಲಿ ಪೆಲಿಕನ್‌ಗಳು ದಾರಕ್ಕೆ ಸಿಕ್ಕಿ ಸಾಯೋದು ಜಾಸ್ತಿ ಆಗಿ, 2023ರ ಅಕ್ಟೋಬರ್‌ನಿಂದ ಹೊಸ ನಿಯಮ ತಂದಿದ್ದಾರೆ. ಗಾಳ ಹಾಕೋ ದೊಡ್ಡವರು ವರ್ಷಕ್ಕೊಮ್ಮೆ ಒಂದು ಸಣ್ಣ ಆನ್‌ಲೈನ್ ಪಾಠ ಮುಗಿಸಿರಬೇಕು. ಫೋನಲ್ಲೇ ಆಗುತ್ತೆ.

ಆದರೂ ನನ್ನ ಅಭಿಪ್ರಾಯ ಬೋಟ್ ಕಡೆಗೇ. ಸೇತುವೆ ಮೇಲಿಂದ ನೀರು ತುಂಬಾ ಕೆಳಗಿರುತ್ತೆ, ಮೀನು ಕಚ್ಚಿದ ಮೇಲೆ ಅಷ್ಟು ಎತ್ತರ ಎಳೆಯಬೇಕು. ಹೊಳೆಬದಿಯಲ್ಲಿ ನಿಂತು ಗಾಳ ಹಾಕಿದವರಿಗೆ ಅದು ರುಚಿಸೋದು ಕಷ್ಟ. ಕಾಂಡ್ಲಾ ಪಕ್ಕದಲ್ಲಿ, ಮೊಣಕಾಲುದ್ದ ನೀರಲ್ಲಿ, ಮೀನು ತಿರುಗೋದು ಕಣ್ಣಿಗೆ ಕಾಣುತ್ತಲ್ಲ, ಅದಕ್ಕೇ ದುಡ್ಡು ಕೊಡೋದು.

ಗಂಗೊಳ್ಳಿ_ಮಗಳು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಶೆಟ್ರು ಬರೆದ ಬ್ಯಾಟಿನ ವಿಷಯ ಅಪ್ಪಯ್ಯನಿಗೆ ಓದಿ ಹೇಳಿದೆ. ನಂಬೋದಿಲ್ಲ ಅಂದರು. ಬೀಸುಬಲೆ ಅಂದಾಗ ಮಾತ್ರ ಎದ್ದು ಕೂತರು. ಎಷ್ಟು ಮೊಳದ್ದು, ಕಣ್ಣು ಎಷ್ಟು ಸಣ್ಣದು, ನೂಲಿನದ್ದಾ ನೈಲಾನಾ ಅಂತ ಒಂದರ ಮೇಲೊಂದು ಪ್ರಶ್ನೆ. ಉತ್ತರ ನನಗೆಲ್ಲಿ ಗೊತ್ತು.

ಒಂದು ಮುಜುಗರದ ಪ್ರಶ್ನೆ ಇದೆ. ಅಪ್ಪಯ್ಯನಿಗೆ ಸಕ್ಕರೆ ಕಾಯಿಲೆ, ಗಂಟೆಗೊಮ್ಮೆ ಬಾತ್‌ರೂಮಿಗೆ ಹೋಗಬೇಕು. ಮೊಣಕಾಲು ನೋವೂ ಇದೆ. ಬೋಟಲ್ಲಿ ವ್ಯವಸ್ಥೆ ಇರುತ್ತಾ? ಆಮೇಲೆ ನಮ್ಮೆಜಮಾನ್ರು ಈಗ ತಾನೂ ಬರ್ತೀನಿ ಅಂತಿದ್ದಾರೆ. ಹಿಡಿದು ಬಿಟ್ಟುಬಿಟ್ಟರೆ ಮೀನು ಬದುಕುತ್ತಾ ಅಂತ ಕೇಳ್ತಿದ್ದಾರೆ.

ಸೇಂಟ್‌ಪೀಟ್_ಶೆಟ್ಟಿ

ಇದರಲ್ಲಿ ಮುಜುಗರ ಏನೂ ಇಲ್ಲ ಅಕ್ಕ, ಇದನ್ನೇ ಮೊದಲು ಕೇಳಬೇಕು. ಕೊಲ್ಲಿಯ ಸಣ್ಣ ಬೋಟಲ್ಲಿ ಸಾಮಾನ್ಯವಾಗಿ ಬಾತ್‌ರೂಮ್ ಇರಲ್ಲ. ಪಾಂಟೂನ್ ಥರದ ಅಗಲ ಬೋಟ್ ಇಟ್ಟಿರೋ ಗೈಡ್‌ಗಳೂ ಇದ್ದಾರೆ, ಅದರಲ್ಲಿ ಕೆಲವರು ಪರದೆ ಕಟ್ಟಿದ ಟಾಯ್ಲೆಟ್ ಇಟ್ಟಿರುತ್ತಾರೆ, ನೆರಳೂ ಇರುತ್ತದೆ, ಹತ್ತಿ ಇಳಿಯೋದೂ ಸುಲಭ. ಹಾಗೇ ಹೇಳಿ ಕೇಳಿ. ಇಲ್ಲದಿದ್ದರೆ ಫೋರ್ಟ್ ಡಿಸೋಟೋ ಪಾರ್ಕ್ ಥರ ದಡದಲ್ಲಿ ಸೌಲಭ್ಯ ಇರೋ ಜಾಗದ ಹತ್ತಿರವೇ ಹಿಡಿಸುವ ಗೈಡ್ ನೋಡಿ, ಮಧ್ಯೆ ಒಮ್ಮೆ ದಡಕ್ಕೆ ಬಿಡ್ತಾರೆ.

ಬಲೆ ಪ್ರಶ್ನೆಗೆ ಉತ್ತರ: ಇಲ್ಲಿ ನೈಲಾನ್. 1994ರಲ್ಲಿ ಫ್ಲೋರಿಡಾ ಜನ ವೋಟ್ ಹಾಕಿ ರಾಜ್ಯದ ಸಂವಿಧಾನದಲ್ಲೇ ಬಲೆ ನಿಷೇಧ ಸೇರಿಸಿದರು, 1995ರ ಜುಲೈನಿಂದ ಜಾರಿ. ಮೀನು ಕಿವಿರಲ್ಲಿ ಸಿಕ್ಕಿಕೊಳ್ಳುವ ಬಲೆ ಈ ನೀರಿಗೆ ಹಾಕುವಂತೆಯೇ ಇಲ್ಲ. ಬೀಸುಬಲೆಯಂಥ ಸಣ್ಣ ಬಲೆಗೆ ಬಿಟ್ಟಿದ್ದಾರೆ, ಅದಕ್ಕೂ 500 ಚದರ ಅಡಿ ಮಿತಿ ಇದೆ. ಊರಲ್ಲಿ ಜೂನ್ ಒಂದರಿಂದ ಜುಲೈ ಕೊನೆವರೆಗೆ ದೊಡ್ಡ ಬೋಟ್ ನಿಲ್ಲಿಸುತ್ತಾರಲ್ಲ, ಅದಕ್ಕೇ ಗೊಣಗೋರು ಇದನ್ನು ಕೇಳಿದರೆ ಏನಂತಾರೋ. ಅಪ್ಪಯ್ಯನ ಹತ್ತಿರ ಹೇಳಿ, ಚರ್ಚೆಗೆ ಒಂದು ಸಂಜೆ ಸಾಕಾಗಲ್ಲ.

ಚಾಮುಂಡಿಪುರಂ

ನಿಮ್ಮ ಯಜಮಾನ್ರ ಥರದ್ದೇ ಗಿರಾಕಿ ನಾನು. ಮೀನು ತಿನ್ನಲ್ಲ, ಆದರೆ ಸ್ನೇಹಿತರ ಜೊತೆ ಬೋಟಲ್ಲಿ ಹೋಗ್ತೀನಿ. ಮೊದಮೊದಲು ಪಾಪಪ್ರಜ್ಞೆ ಇತ್ತು, ಈಗಲೂ ಸ್ವಲ್ಪ ಇದೆ, ಸುಳ್ಳು ಯಾಕೆ ಹೇಳಲಿ.

ಬಿಟ್ಟ ಮೀನು ಬಹುತೇಕ ಬದುಕುತ್ತೆ, ನಾವು ಸರಿಯಾಗಿ ಬಿಟ್ಟರೆ. ಗುಂಡನೆ ಬಾಗಿದ ಸರ್ಕಲ್ ಹುಕ್ ಹಾಕಿ ಅಂತ ಹೇಳಿ. ಅದು ನುಂಗಿದರೂ ಗಂಟಲಿಗೆ ಹೋಗದೆ ಬಾಯಿ ಮೂಲೆಯಲ್ಲಿ ಸಿಕ್ಕಿಕೊಳ್ಳುತ್ತೆ. ಮುಟ್ಟುವ ಮುಂಚೆ ಕೈ ಒದ್ದೆ ಮಾಡಿಕೊಳ್ಳಬೇಕು, ಒಣ ಕೈಯಲ್ಲಿ ಹಿಡಿದರೆ ಮೈಮೇಲಿನ ಲೋಳೆ ಕಿತ್ತು ಬರುತ್ತೆ, ಆಮೇಲೆ ರೋಗ ತಗುಲುತ್ತೆ. ಬಾಯಲ್ಲಿ ಹಿಡಿದು ನೇತಾಡಿಸಬಾರದು, ಹೊಟ್ಟೆ ಕೆಳಗೆ ಇನ್ನೊಂದು ಕೈ ಕೊಡಬೇಕು. ಫೋಟೋಗೆ ಅಂತ ನಿಮಿಷಗಟ್ಟಲೆ ಹೊರಗಿಡೋರನ್ನು ನೋಡಿದರೆ ನನಗೆ ಸಿಟ್ಟು ಬರುತ್ತೆ. ಆದರೆ ಬಿಟ್ಟ ಮೀನನ್ನೇ ಕಾಯ್ತಾ ಡಾಲ್ಫಿನ್ ಬೋಟ್ ಹಿಂದೆ ಬರೋದೂ ಉಂಟು. ಹಾಗಾದಾಗ ಗೈಡ್ ಜಾಗ ಬದಲಾಯಿಸುತ್ತಾನೆ, ಬದಲಾಯಿಸದಿದ್ದರೆ ನೀವೇ ಹೇಳಿ. ಮಕ್ಕಳು ಡಾಲ್ಫಿನ್‌ಗೆ ಮೀನು ಎಸೆಯೋದು ಬೇಡ, ಕಾನೂನಿನಲ್ಲಿ ತಪ್ಪು.

ಯಜಮಾನ್ರು ಕೊನೆಗೂ ಬೇಡ ಅಂದರೆ, ಚಿಕ್ಕ ಮಗುವನ್ನು ಅಪೋಲೋ ಬೀಚ್‌ನ ಮನಾಟಿ ವ್ಯೂಯಿಂಗ್ ಸೆಂಟರ್‌ಗೆ ಕರೆದುಕೊಂಡು ಹೋಗಲಿ. ಕರೆಂಟ್ ಕಂಪನಿಯ ಪವರ್ ಪ್ಲಾಂಟ್‌ನಿಂದ ಬಿಸಿನೀರು ಬರುತ್ತಲ್ಲ, ಚಳಿಗಾಲದಲ್ಲಿ ಮನಾಟಿಗಳು, ಅಂದರೆ ಕಡಲಹಸುಗಳು, ಅಲ್ಲಿ ಗುಂಪು ಸೇರುತ್ತವೆ. ಟಿಕೆಟ್ ಇಲ್ಲ. ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ ಮಾತ್ರ ತೆರೆದಿರೋದು, ನೀವು ಬರೋ ಹೊತ್ತಿಗೆ ಇರುತ್ತೆ. ನೀರು ಬೆಚ್ಚಗಾಗಿದ್ದರೆ ಮನಾಟಿ ಕಮ್ಮಿ ಕಾಣಬಹುದು, ಅಷ್ಟೇ.

ಅಂದ ಹಾಗೆ ತಿಂಡಿಗೆ ಅಂತ ಬಾಳೆಹಣ್ಣು ತಗೊಂಡು ಬೋಟ್ ಹತ್ತಬೇಡಿ. ಬಾಳೆಹಣ್ಣು ಇದ್ದರೆ ಮೀನು ಸಿಗಲ್ಲ ಅಂತ ಇವರಿಗೆ ಬಲವಾದ ನಂಬಿಕೆ. ನಾನು ಬ್ಯಾಗಿಂದ ತೆಗೆದಾಗ ಕ್ಯಾಪ್ಟನ್ ಮುಖ ನೋಡಬೇಕಿತ್ತು. ನಮ್ಮಲ್ಲಿ ಬೆಕ್ಕು ಅಡ್ಡ ಬಂದರೆ ನಗ್ತಾರೆ ಇವರು!

ನೈಟ್_ಶಿಫ್ಟ್_ನರ್ಸ್

ನಾನು ಫೋರ್ಟ್ ಮೈಯರ್ಸ್‌ನಲ್ಲಿ ಆಸ್ಪತ್ರೆಯಲ್ಲಿ ಕೆಲಸ ಮಾಡೋದು, ಮೀನಿನ ವಿಷಯ ಗೊತ್ತಿಲ್ಲ. ಸಕ್ಕರೆ ಕಾಯಿಲೆ ಅಂದಿದ್ದಕ್ಕೆ ಬರೆಯುತ್ತಿದ್ದೇನೆ.

ಇಲ್ಲಿಯ ಬೆಚ್ಚನೆ ಉಪ್ಪುನೀರಲ್ಲಿ ವಿಬ್ರಿಯೋ ಅಂತ ಒಂದು ಬ್ಯಾಕ್ಟೀರಿಯಾ ಇರುತ್ತೆ. ಆರೋಗ್ಯವಾಗಿರೋರಿಗೆ ಅಷ್ಟು ತೊಂದರೆ ಆಗೋದು ಅಪರೂಪ. ಸಕ್ಕರೆ ಕಾಯಿಲೆ, ಲಿವರ್ ತೊಂದರೆ ಇರೋರಿಗೆ ಗಾಯದ ಮೂಲಕ ಒಳಗೆ ಹೋದರೆ ಬಹಳ ಬೇಗ ಏರುತ್ತೆ. ಅಪ್ಪಯ್ಯನ ಕಾಲಲ್ಲಿ, ಕೈಯಲ್ಲಿ ಹಸಿ ಗಾಯ ಇದ್ದರೆ ನೀರಿಗೆ ಇಳಿಯೋದು ಬೇಡ, ನೀರು ಹೋಗದಂಥ ಪಟ್ಟಿ ಹಾಕಿ. ಮೀನಿನ ಮುಳ್ಳು ಚುಚ್ಚಿದರೆ ಸೋಪು ನೀರಲ್ಲಿ ತಕ್ಷಣ ತೊಳೆಯಿರಿ. ಆಮೇಲೆ ಕೆಂಪಗೆ ಊದಿಕೊಂಡು ನೋವು ಜಾಸ್ತಿಯಾದರೆ ನಾಳೆ ನೋಡೋಣ ಅನ್ನಬೇಡಿ, ಅವತ್ತೇ ಎಮರ್ಜೆನ್ಸಿಗೆ ಹೋಗಿ, ಸಮುದ್ರದ ನೀರಲ್ಲಿ ಇದ್ದೆವು ಅಂತ ಬಾಯಿಬಿಟ್ಟು ಹೇಳಿ. ಹಸಿ ಆಯಿಸ್ಟರ್ ತಿನ್ನಿಸಲೇಬೇಡಿ. ಟ್ರಾವೆಲ್ ಇನ್ಶೂರೆನ್ಸ್ ಕಾರ್ಡ್ ಜೊತೆಯಲ್ಲಿರಲಿ.

ತೇಡೆ ಥರದ ಮೀನು ಇಲ್ಲೂ ಇದೆ, ಗಾಳಕ್ಕೆ ಸುಮ್ನೆ ಸುಮ್ನೆ ಸಿಗುತ್ತೆ. ಮುಳ್ಳು ಊರಲ್ಲಿ ಚುಚ್ಚಿದ ಹಾಗೇ ಇಲ್ಲೂ ಚುಚ್ಚುತ್ತೆ, ಮಕ್ಕಳು ಮುಟ್ಟದ ಹಾಗೆ ನೋಡಿ. ಬೀಚಲ್ಲಿ ನೀರಿಗೆ ಇಳಿದರೆ ಕಾಲು ಎತ್ತಿ ಇಡಬೇಡಿ, ಮರಳಲ್ಲಿ ಎಳೆದುಕೊಂಡು ನಡೆಯಿರಿ. ತೊರಕೆ (ಸ್ಟಿಂಗ್‌ರೇ) ಮರಳಲ್ಲಿ ಹುದುಗಿ ಮಲಗಿರುತ್ತೆ, ಸದ್ದಿಗೆ ಸರಿದು ಹೋಗುತ್ತೆ. ಚುಚ್ಚಿದರೆ ತಡೆಯೋವಷ್ಟು ಬಿಸಿಯ ನೀರಲ್ಲಿ ಕಾಲಿಟ್ಟರೆ ನೋವು ಇಳಿಯುತ್ತೆ. ಸಕ್ಕರೆ ಇರೋರಿಗೆ ಕಾಲಲ್ಲಿ ಬಿಸಿ ಗೊತ್ತಾಗಲ್ಲ, ನೀವು ಕೈಯಲ್ಲಿ ಮುಟ್ಟಿ ನೋಡಿ.

ಐದು ವರ್ಷದ ಮಗು ಬೋಟ್ ಹತ್ತಿದರೆ ಬೋಟ್ ಓಡುವಾಗಲೆಲ್ಲಾ ಲೈಫ್ ಜಾಕೆಟ್ ಹಾಕಿರಲೇಬೇಕು. 26 ಅಡಿಗಿಂತ ಸಣ್ಣ ಬೋಟಲ್ಲಿ ಆರು ವರ್ಷದ ಒಳಗಿನವರಿಗೆ ಇಲ್ಲಿ ಕಾನೂನೇ ಹಾಗಿದೆ. ಮಗುವಿನ ಅಳತೆಯದ್ದು ಇದೆಯಾ ಅಂತ ಗೈಡನ್ನು ಕೇಳಿ, ದೊಡ್ಡವರದ್ದು ಹಾಕಿದರೆ ತಲೆ ಮೇಲೆ ಜಾರಿ ಹೋಗುತ್ತೆ.

ಗಂಗೊಳ್ಳಿ_ಮಗಳು

ಬುಕ್ ಮಾಡಿದೆ! ಪಾಂಟೂನ್ ಬೋಟ್, ಪರದೆ ಕಟ್ಟಿದ ಟಾಯ್ಲೆಟ್ ಇದೆ. ಎರೆ ಹಿಡಿಯೋ ಸಮಯ ನಮ್ಮ ಲೆಕ್ಕದಲ್ಲಿ ಅಲ್ಲ ಅಂತ ಬರೆದೇ ಕೊಟ್ಟಿದ್ದಾರೆ. ತಲೆ ಬಿಸಾಡಬೇಡಿ ಅಂದದ್ದಕ್ಕೆ ಕ್ಯಾಪ್ಟನ್ ಜೋರಾಗಿ ನಕ್ಕರು, ನನ್ನ ಅಜ್ಜಿಯೂ ತಲೆ ಬಿಡ್ತಿರಲಿಲ್ಲ ಅಂದರು. ಬೆಳಿಗ್ಗೆನಾ ಮಧ್ಯಾಹ್ನನಾ ಅಂತ ಕೇಳಿದ್ದಾರೆ, ಏನು ಹೇಳಲಿ? ಗಾಳಿ ಜಾಸ್ತಿ ಇದ್ದರೆ ದುಡ್ಡು ಹೋಯ್ತಾ?

ಸೇಂಟ್‌ಪೀಟ್_ಶೆಟ್ಟಿ

ಗಡಿಯಾರ ನೋಡಬೇಡಿ, ಉಬ್ಬರ ಇಳಿತದ ಪಟ್ಟಿ ನೋಡಿ. ನೀರು ಹರಿಯುತ್ತಾ ಇರಬೇಕು, ಏರೋದೋ ಇಳಿಯೋದೋ, ನಿಂತ ನೀರಲ್ಲಿ ಮೀನೂ ನಿಂತೇ ಇರುತ್ತೆ. ಇಲ್ಲಿ ಏರಿಳಿತ ಎರಡು ಮೂರು ಅಡಿ ಅಷ್ಟೇ, ಕೆಲವು ದಿನ ಒಂದೇ ಉಬ್ಬರ ಇರುತ್ತೆ. ಹಾಗಾಗಿ ಆ ದಿನದ ಪಟ್ಟಿ ತೆಗೆದು ಅಪ್ಪಯ್ಯನ ಕೈಗೇ ಕೊಡಿ, ಅವರು ಹೇಳಿದ ಹೊತ್ತಿಗೆ ಹೋಗಿ. ಕ್ಯಾಪ್ಟನ್ ಬೇರೆ ಹೇಳಿದರೆ ಇಬ್ಬರನ್ನೂ ಫೋನಲ್ಲಿ ಮಾತಾಡಿಸಿ!

ಗಾಳಿ ಮಳೆಗೆ ಕ್ಯಾಪ್ಟನ್ ತಾನಾಗಿ ರದ್ದು ಮಾಡಿದರೆ ಸಾಮಾನ್ಯವಾಗಿ ಮುಂಗಡ ವಾಪಸ್, ಇಲ್ಲಾ ಬೇರೆ ದಿನ. ನೀವು ಹೆದರಿ ರದ್ದು ಮಾಡಿದರೆ ಹೋಯ್ತು. ಅದಕ್ಕೇ ವಾರದ ಮೊದಲ ದಿನಗಳಲ್ಲಿ ಬುಕ್ ಮಾಡಿ, ಮುಂದಕ್ಕೆ ಹಾಕೋಕೆ ಜಾಗ ಇರುತ್ತೆ. ರೆಡ್ ಟೈಡ್, ಅಂದರೆ ನೀರಲ್ಲಿ ವಿಷದ ಪಾಚಿ ಹಬ್ಬೋದು, ಇದೆಯಾ ಅಂತಲೂ ರಾಜ್ಯದ ಮೀನುಗಾರಿಕೆ ಇಲಾಖೆಯ ಮ್ಯಾಪಲ್ಲಿ ನೋಡಿ, ಇದ್ದರೆ ಗಂಟಲು ಕೆರೆದು ಕೆಮ್ಮು ಬರುತ್ತೆ.

ಜರ್ಸಿ_ಗೌಡ

ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನಾವು ಡಿಸೆಂಬರ್ ರಜೆಯಲ್ಲಿ ಹೋಗೋದು. ಆಗಲೂ ಇದೇನಾ?

ಮೀನಿಲ್ಲದ_ಊಟ_ಊಟವಲ್ಲ

ಇಲ್ಲ. ಡಿಸೆಂಬರ್‌ನಿಂದ ಫೆಬ್ರವರಿ ಕೊನೆವರೆಗೆ ಈ ಕಡೆ ಸ್ನೂಕ್ ಇಟ್ಟುಕೊಳ್ಳೋ ಹಾಗಿಲ್ಲ, ಹಿಡಿದರೂ ಬಿಡಬೇಕು. ಮೇ ಒಂದರಿಂದ ಆಗಸ್ಟ್ ಕೊನೆವರೆಗೂ ಹಾಗೇ. ನೀರು ತಣ್ಣಗಾಗೋದರಿಂದ ಮ್ಯಾಕೆರೆಲ್ ದಕ್ಷಿಣಕ್ಕೆ ಹೋಗಿರುತ್ತೆ. ಉತ್ತರದ ಗಾಳಿ ಬೀಸಿದರೆ ಹುಲ್ಲಿನ ಮೇಲಿನ ನೀರೇ ಖಾಲಿಯಾಗಿ ಬೋಟ್ ಕೂತುಬಿಡುತ್ತೆ. ಆದರೆ ಶೀಪ್ಸ್‌ಹೆಡ್ ಸಿಗುತ್ತೆ, ಕಪ್ಪು ಬಿಳಿ ಪಟ್ಟೆ, ಮನುಷ್ಯರ ಹಲ್ಲಿನ ಥರದ್ದೇ ಹಲ್ಲು, ಸೇತುವೆ ಕಂಬದ ಚಿಪ್ಪು ಕಡಿದು ತಿನ್ನುತ್ತೆ. ಸಿಗಡಿ ಇಲ್ಲಾ ಸಣ್ಣ ಏಡಿ ಕಟ್ಟಿ. ಹೊಟ್ಟೆ ಮುಳ್ಳು ಗಟ್ಟಿ, ಕೊಯ್ಯೋದು ಕಷ್ಟ, ಗಸಿಗೆ ಮಾತ್ರ ಬಹಳ ಚೆನ್ನಾಗಿರುತ್ತೆ. ಬೆಳಿಗ್ಗೆ ಬೋಟ್ ಓಡುವಾಗ ಕೈ ಮರಗಟ್ಟುತ್ತೆ, ಜರ್ಸಿಯವರು ಅಂತ ಜಂಬ ಮಾಡದೆ ಜಾಕೆಟ್ ತನ್ನಿ.